ಬೇಡದ ಜಗಳ, 60 ಕೋಟಿ ಸಲ

ಸೆಕೆಂಡಿಗೆ ಏಳು. ಹಗಲೆನ್ನದೆ ರಾತ್ರಿಯೆನ್ನದೆ, ಸೆಕೆಂಡಿಗೆ ಹೆಚ್ಚುಕಡಿಮೆ ಏಳು ಪ್ರತಿಗಳಂತೆ ಒಂದು ವಿಡಿಯೊ ಗೇಮ್ ಖರ್ಚಾಯಿತು. ಹೆಸರು 'ಎಲ್ಡನ್ ರಿಂಗ್'. ಜಪಾನಿನ ಫ್ರಂಸಾಫ್ಟ್‌ವೇರ್ ಕಂಪನಿ ಅದನ್ನು ಬಿಡುಗಡೆ ಮಾಡಿದ್ದು 2022ರ ಫೆಬ್ರವರಿ 25ರಂದು. ಮೂರು ವಾರ ತುಂಬುವ ಮೊದಲೇ 1.2 ಕೋಟಿ ಜನ ಕೊಂಡಿದ್ದರು. ಕತ್ತಿ, ಮಂತ್ರ, ಡ್ರ್ಯಾಗನ್, ಪಾಳುಬಿದ್ದ ಕೋಟೆಗಳು, ಆಕಾಶದ ಅರ್ಧ ತುಂಬಿಕೊಂಡು ಹೊನ್ನಿನಂತೆ ಹೊಳೆಯುವ ಒಂದು ಮಹಾವೃಕ್ಷ. ನಿರ್ದೇಶಕ ಹಿಡೆಟಾಕಾ ಮಿಯಾಜಾಕಿ. ಆ ಲೋಕದ ಪುರಾಣವನ್ನು ಕಟ್ಟಿಕೊಟ್ಟವರು 'ಗೇಮ್ ಆಫ್ ಥ್ರೋನ್ಸ್' ಖ್ಯಾತಿಯ ಜಾರ್ಜ್ ಆರ್. ಆರ್. ಮಾರ್ಟಿನ್.

ವಿಮರ್ಶಕರು ನೂರಕ್ಕೆ 94, 95, 96 ಎಂದು ಅಂಕ ಸುರಿದರು. ದುಡ್ಡು ಕೊಟ್ಟು ಕೊಂಡವರ ಮಾತೇ ಬೇರೆ. ಪಿಸಿ ಗೇಮುಗಳ ದೊಡ್ಡ ಸಂತೆಯಾದ ಸ್ಟೀಮ್‌ನಲ್ಲಿ ಬಿಡುಗಡೆಯ ದಿನ ಇದಕ್ಕೆ ಬಿದ್ದ ಮುದ್ರೆ 'ಮಿಕ್ಸೆಡ್'. ಮೆಚ್ಚಿದವರು ನೂರಕ್ಕೆ ನಲವತ್ತರಿಂದ ಎಪ್ಪತ್ತರೊಳಗೆ ಇದ್ದರೆ ಬೀಳುವ ಮುದ್ರೆ ಅದು. ಚಿತ್ರ ತಡವರಿಸುತ್ತದೆ, ಕತ್ತಿ ಎತ್ತುವ ಹೊತ್ತಿಗೇ ಸರಿಯಾಗಿ ಆಟ ನಿಂತು ನಿಂತು ಓಡುತ್ತದೆ ಎಂಬುದು ಪಿಸಿ ಆಟಗಾರರ ಸಿಟ್ಟು. ಹಾಗೆಂದು ಆಡುವುದನ್ನು ಬಿಟ್ಟರೇ? ಕೆಲವೇ ದಿನಗಳಲ್ಲಿ ಒಂದೇ ಗಳಿಗೆಗೆ 9.5 ಲಕ್ಷಕ್ಕೂ ಹೆಚ್ಚು ಜನ ಸ್ಟೀಮ್‌ನಲ್ಲಿ ಇದನ್ನು ಆಡುತ್ತಿದ್ದರು. ಜಗತ್ತಿನ ಅತಿದೊಡ್ಡ ಕ್ರಿಕೆಟ್ ಮೈದಾನವಾದ ಅಹಮದಾಬಾದಿನ ನರೇಂದ್ರ ಮೋದಿ ಸ್ಟೇಡಿಯಂನಲ್ಲಿ 1.32 ಲಕ್ಷ ಜನ ಕೂರಬಹುದು. ಅಂಥ ಏಳು ಸ್ಟೇಡಿಯಂ ಕಿಕ್ಕಿರಿದು, ಇನ್ನೂ ಸಾವಿರಾರು ಜನ ಗೇಟಿನಾಚೆ ನಿಂತಷ್ಟು ಮಂದಿ! ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಲ್ಲಿ ಆಡುತ್ತಿದ್ದವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ತಾಂತ್ರಿಕ ದೂರುಗಳನ್ನು ಪಕ್ಕಕ್ಕಿಡೋಣ, ಅವು ಪ್ಯಾಚ್ ಬಂದರೆ ಸರಿಹೋಗುವಂಥವು. ಸರಿಹೋಗದ ಜಗಳ ಬೇರೆ ಇದೆ. ಈ ಆಟದಲ್ಲಿ 'ಈಸಿ ಮೋಡ್' ಇಲ್ಲ. ಯಾರು ಏನು ಹೇಳಿದರು, ಮುಂದೆ ಎಲ್ಲಿಗೆ ಹೋಗಬೇಕು ಎಂದು ಬರೆದಿಡುವ ಪಟ್ಟಿ ಇಲ್ಲ. 'ಬಾಸ್' ಎನಿಸಿಕೊಳ್ಳುವ ದೊಡ್ಡ ಶತ್ರುಗಳು 160ಕ್ಕೂ ಹೆಚ್ಚು, ಆದರೆ ಹತ್ತನೆಯ ಗುಹೆಯಲ್ಲಿ ಎದುರಾದವನನ್ನು ಇಪ್ಪತ್ತನೆಯ ಗುಹೆಯಲ್ಲಿ ಮತ್ತೆ ಕಂಡರೆ ಅಚ್ಚರಿಪಡಬೇಡಿ. 'ಇದು ಆಟವಲ್ಲ, ಶಿಕ್ಷೆ' ಎಂದು ಒಬ್ಬರು ಬೈದರೆ, 'ಕೈಹಿಡಿದು ನಡೆಸದ ಆಟ ಈಗಲಾದರೂ ಒಂದು ಬಂತಲ್ಲ' ಎಂದು ಇನ್ನೊಬ್ಬರು ಹೊಗಳುತ್ತಾರೆ. ತಮಾಷೆ ಏನೆಂದರೆ ಇಬ್ಬರೂ ಹೇಳುತ್ತಿರುವುದು ಒಂದೇ ಗುಣದ ಬಗ್ಗೆ. ಎಲ್ಲರಿಗೂ ಆಗಲೆಂದು ಕಷ್ಟವನ್ನು ಇಳಿಸಿದರೆ ಆಟದ ಬುಡವೇ ಅಲುಗುತ್ತದೆ ಎಂಬುದು ಮಿಯಾಜಾಕಿ ಅವರ ನಿಲುವು. ಆಟ ಆಡುವುದರಲ್ಲಿ ತಾವು ತೀರಾ ದಡ್ಡ ಎಂದೂ ಅವರೇ ಹೇಳಿಕೊಂಡಿದ್ದಾರೆ!

ಸರಿ, ಎಷ್ಟು ಕಷ್ಟ? ಬಿಡುಗಡೆಯಾಗಿ ಒಂದು ವರ್ಷ ತುಂಬಿದಾಗ ಪ್ರಕಾಶಕರಾದ ಬಂದಾಯ್ ನಾಮ್ಕೊ ಸಾವಿನ ಲೆಕ್ಕವನ್ನೇ ಹೊರಗಿಟ್ಟರು. ಬಲು ಸಣ್ಣ ಬಾಬಿನಿಂದ ಶುರುಮಾಡೋಣ. ಬೇರೆ ಆಟಗಾರರ ಕೈಯಲ್ಲಿ ಸತ್ತವರು ಶೇ. 2. ಬಿಡಿ, ಅದೇನು ಮಹಾ ಅನ್ನಿಸಬಹುದು. ಆ ಶೇ. 2 ಎಂದರೆ 18 ಕೋಟಿ ಸಾವು.

ಮುಂದಿನದು ಬಿದ್ದು ಸತ್ತವರು, ಶೇ. 14. ಬಾಸ್ ಇಲ್ಲ, ಬಾಣ ಇಲ್ಲ, ಕಾಲು ಜಾರಿ ಪ್ರಪಾತಕ್ಕೆ ಹೋದವರು 126 ಕೋಟಿ. ಒಬ್ಬೊಬ್ಬರೂ 20 ಮೀಟರ್ ಬಿದ್ದರು ಎಂದಿಟ್ಟುಕೊಳ್ಳಿ. ಒಟ್ಟು ಬಿದ್ದ ದೂರ 2.5 ಕೋಟಿ ಕಿಲೋಮೀಟರ್. ಭೂಮಿಗೆ 600ಕ್ಕೂ ಹೆಚ್ಚು ಸುತ್ತು ಹಾಕಬಹುದು, ಚಂದ್ರನವರೆಗಿನ ದೂರವನ್ನು 65 ಸಲ ಕ್ರಮಿಸಬಹುದು. ಒಬ್ಬೊಬ್ಬರ ತೂಕ 70 ಕಿಲೋ ಎಂದು ಹಿಡಿದರೆ, ಐದೈದು ಟನ್ನಿನ ಪೌನೇ ಎರಡು ಕೋಟಿ ಆನೆಗಳು ದಬದಬನೆ ಉದುರಿದ ಹಾಗಾಯಿತು. ಏಷ್ಯಾದ ಕಾಡುಗಳ ಆನೆಗಳೆಲ್ಲ ಸೇರಿದರೂ ಇರುವುದು 50 ಸಾವಿರದ ಆಸುಪಾಸು.

ವಿಷ, ರಕ್ತಸ್ರಾವ, ಮೈಯನ್ನೇ ಕೊಳೆಸುವ ಕೆಂಪು ರೋಗ, ಇಂಥವುಗಳಿಂದ ಸತ್ತವರು ಶೇ. 15. ಅಂದರೆ 135 ಕೋಟಿ, ಇಡೀ ಭಾರತದ ಜನಸಂಖ್ಯೆಗೆ ಸ್ವಲ್ಪವೇ ಕಡಿಮೆ. ಉಳಿದ ಶೇ. 69 ಶತ್ರುಗಳ ಪಾಲು, 621 ಕೋಟಿ.

ಎಲ್ಲ ಕೂಡಿದರೆ 900 ಕೋಟಿ. ಹೌದು, ಒಂಬತ್ತರ ಮುಂದೆ ಒಂಬತ್ತು ಸೊನ್ನೆ. ಜಗತ್ತಿನ ಜನಸಂಖ್ಯೆ ಅದೇ ತಾನೆ 800 ಕೋಟಿ ಮುಟ್ಟಿತ್ತು. ಕೂಸು ಮುದುಕರೆನ್ನದೆ ಭೂಮಿಯ ಮೇಲಿನ ಪ್ರತಿಯೊಬ್ಬರನ್ನೂ ಒಂದೊಂದು ಸಲ ಸಾಯಿಸಿದರೂ ಇನ್ನೂ 100 ಕೋಟಿ ಬಾಕಿ ಉಳಿಯುತ್ತದೆ. ಸೆಕೆಂಡಿಗೆ 285 ಸಾವು! ಪ್ರತಿ ಸಲ ಸತ್ತಾಗಲೂ ಪರದೆಯ ಮೇಲೆ 'ಯು ಡೈಡ್' ಎಂದು ಮೂಡುತ್ತದೆ, ಪರದೆ ಕಪ್ಪಾಗುತ್ತದೆ, ಮತ್ತೆ ಶುರು. ಇದಕ್ಕೆ ಹತ್ತೇ ಸೆಕೆಂಡು ಎಂದು ಹಿಡಿಯಿರಿ. 900 ಕೋಟಿ ಸಾವಿಗೆ 2,850 ವರ್ಷ. ಬುದ್ಧ ಹುಟ್ಟುವ ಮೊದಲೇ ಒಬ್ಬ ಕುಳಿತು ಸಾಯಲು ಶುರುಮಾಡಿದ್ದರೂ ಈಗಷ್ಟೇ ಮುಗಿಯುತ್ತಿತ್ತು, ಅದೂ ಆಡದೆ ಬರೀ ಸತ್ತುಕೊಂಡಿದ್ದರೆ. ಆ ಹೊತ್ತಿಗೆ ಮಾರಾಟವಾಗಿದ್ದ ಪ್ರತಿಗಳು 2 ಕೋಟಿ. ತಲಾ 450 ಸಾವು. ಇಷ್ಟಾದ ಮೇಲೂ ದೂರು ಹೇಳದೆ ಇದ್ದವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನವೇ.

ಆದರೆ ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು 900 ಕೋಟಿಯಲ್ಲ, ಅದರ ಮುಂದೆ ಚಿಕ್ಕದಾಗಿ ಕಾಣುವ ಇನ್ನೊಂದು ಅಂಕಿ. ಆಟದ ಆರಂಭದಲ್ಲಿ ಕತ್ತಲ ಗುಹೆಯಿಂದ ಹೊರಬಂದು ಬಾಗಿಲು ತಳ್ಳಿದರೆ ಹಸಿರು ಬಯಲು. ನಾಲ್ಕು ಹೆಜ್ಜೆ ಮುಂದೆ ಚಿನ್ನದ ಕವಚ ತೊಟ್ಟ ಕುದುರೆ, ಅದರ ಮೇಲೆ ಚಿನ್ನದ ಕವಚ ತೊಟ್ಟ ಸವಾರ, ಕೈಯಲ್ಲಿ ಆಳೆತ್ತರದ ಆಯುಧ. ಇವನೇ 'ಟ್ರೀ ಸೆಂಟಿನಲ್'. ಇವನ ಜೊತೆ ಹೊಡೆದಾಡಬೇಕೆಂಬ ಕಡ್ಡಾಯ ಏನೂ ಇಲ್ಲ, ಬಳಸಿಕೊಂಡು ಹೋಗಬಹುದು. ಜನ ಬಳಸಿಕೊಂಡು ಹೋದರೇ? ಮೊದಲ ವರ್ಷದಲ್ಲಿ ಇವನ ಮೇಲೆ ಏರಿಹೋದದ್ದು 27.7 ಕೋಟಿ ಸಲ.

ಇನ್ನೊಬ್ಬಳು ಮಲೇನಿಯಾ. ಕೆಂಗೂದಲು, ಒಂದು ಕೃತಕ ತೋಳು, ಆ ತೋಳಿಗೆ ಕೂಡಿಕೊಂಡಂತೆ ಉದ್ದನೆಯ ಕತ್ತಿ. ಪ್ರತಿ ಏಟಿಗೂ ನಮ್ಮ ರಕ್ತ ಹೋಗುತ್ತದೆ, ಅವಳ ಗಾಯ ಮಾಯುತ್ತದೆ. ಒಮ್ಮೊಮ್ಮೆ ನೆಲಬಿಟ್ಟು ಗಾಳಿಗೇರಿ, ಒಂದು ಕಾಲಿನ ಮೇಲೆ ನಿಂತಂತೆ ಅರೆಕ್ಷಣ ತಡೆಯುತ್ತಾಳೆ. ಆಮೇಲೆ ನಿಮಗೆ ಕಾಣುವುದು ಕತ್ತಿಯ ಸುಳಿ ಮಾತ್ರ. ಇವಳಿರುವ ಊರಿಗೆ ಹೋಗದೆಯೂ ಆಟ ಮುಗಿಸಬಹುದು. ಆದರೂ ಇವಳನ್ನು ಕೆಣಕಿದ್ದು 32.9 ಕೋಟಿ ಸಲ, ಆಟದ ಬೇರಾವ ಬಾಸ್‌ಗಿಂತಲೂ ಹೆಚ್ಚು. ಕೋಟೆಯ ದಾರಿಗೆ ಅಡ್ಡ ನಿಂತು ಕಾಡುವ ಮಾರ್ಗಿಟ್‌ಗೂ 28.1 ಕೋಟಿಯೇ. ಒಂದೊಂದು ಕಾಳಗಕ್ಕೆ ಎರಡೇ ನಿಮಿಷ ಎಂದರೂ ಮಲೇನಿಯಾ ಒಬ್ಬಳಿಗೆ 1,250 ವರ್ಷ ಹಿಡಿಯುತ್ತಿತ್ತು. ರಾಷ್ಟ್ರಕೂಟರ ಕಾಲದಲ್ಲಿ ಮೊದಲ ಏಟು ಹಾಕಿದವನು ಈಚೆಗೆ ತಾನೆ ಕೊನೆಯ ಏಟು ಹಾಕಬೇಕಿತ್ತು. ಬೇಕಿದ್ದರೆ ಬಿಟ್ಟುಹೋಗಬಹುದಾದ ಟ್ರೀ ಸೆಂಟಿನಲ್, ಮಲೇನಿಯಾ ಇಬ್ಬರದನ್ನೇ ಕೂಡಿಸಿ: 60.6 ಕೋಟಿ ಕಾಳಗ. ಬೀದಿಲಿ ಹೋಗೋ ಮಾರೀನ 60 ಕೋಟಿ ಸಲ ಮನೆಗೆ ಕರೆದದ್ದು! ಆಟ ಕಷ್ಟವೆಂದು ಗೊಣಗುವವರು ಈ ಒಂದು ಅಂಕಿಗೆ ಏನು ಹೇಳುತ್ತಾರೋ.

ಮತ್ತೆ ಕೆಲವರಿಗೆ ಇದೂ ಸಾಲಲಿಲ್ಲ. 'ಲೆಟ್ ಮಿ ಸೋಲೊ ಹರ್' ಎಂಬ ಹೆಸರಿನ ಆಟಗಾರನೊಬ್ಬ ತಲೆಗೆ ಮಡಕೆ ಕವುಚಿಕೊಂಡು, ಮೈಮೇಲೆ ಬರೀ ಲಂಗೋಟಿಯಲ್ಲಿ, ಸೋತು ಕೂತವರು ಕರೆದಲ್ಲೆಲ್ಲ ಹೋಗಿ ಅವರ ಪರವಾಗಿ ಮಲೇನಿಯಾಳನ್ನು ಒಬ್ಬನೇ ಸೋಲಿಸುತ್ತಿದ್ದ. ಹೀಗೆ ಸಾವಿರಾರು ಸಲ. ಕಂಪನಿಯವರು ಮೆಚ್ಚಿ ನಿಜವಾದ ಕತ್ತಿಯನ್ನೇ ಕಳಿಸಿಕೊಟ್ಟರು. ಸ್ಟ್ರೀಮರ್ ಒಬ್ಬಾಕೆ ಎರಡು ಪರದೆ ಇಟ್ಟುಕೊಂಡು, ಒಂದನ್ನು ಕೈಯಲ್ಲಿ ಕಂಟ್ರೋಲರ್ ಹಿಡಿದು, ಇನ್ನೊಂದನ್ನು ಡ್ಯಾನ್ಸ್ ಮ್ಯಾಟ್ ಮೇಲೆ ಕಾಲಿನಿಂದ ಆಡುತ್ತ, ಇಬ್ಬರು ಮಲೇನಿಯಾರನ್ನು ಒಟ್ಟಿಗೆ ಉರುಳಿಸಿದಳು. ಸಾಮಾನ್ಯರಿಗೆ ಮುಖ್ಯ ಕಥೆ ಮುಗಿಸಲು 60 ಗಂಟೆಯಾದರೂ ಬೇಕು. ವೇಗದ ಆಟಗಾರರು ಆಟದ ಲೋಪಗಳನ್ನೇ ಮೆಟ್ಟಿಲು ಮಾಡಿಕೊಂಡು, ಬಿಡುಗಡೆಯಾಗಿ ಎರಡು ತಿಂಗಳೊಳಗೆ ಅದನ್ನು ಏಳು ನಿಮಿಷಕ್ಕಿಂತ ಕಡಿಮೆಗೆ ಇಳಿಸಿದರು. 500 ಪಟ್ಟು ವೇಗ. ಹೇಗೆಂದು ಕೇಳಬೇಡಿ, ನೋಡಿದರೂ ಅರ್ಥವಾಗುವುದಿಲ್ಲ.

2024ರ ಜೂನ್ 21ರಂದು ಮುಂದುವರಿದ ಭಾಗ 'ಶ್ಯಾಡೊ ಆಫ್ ದಿ ಎರ್ಡ್‌ಟ್ರೀ' ಬಂತು. ಒಳಹೋಗಲು ಮೊದಲಿನ ಆಟದ ಇಬ್ಬರು ಘಟಾನುಘಟಿಗಳನ್ನು ಕೊಂದಿರಬೇಕೆಂಬ ಷರತ್ತು ಬೇರೆ. ವಿಮರ್ಶಕರದು ಮತ್ತೆ ಅದೇ ಉಬ್ಬಿದ ಅಂಕಗಳು, ಸ್ಟೀಮ್‌ನಲ್ಲಿ ಮತ್ತೆ ಅದೇ 'ಮಿಕ್ಸೆಡ್' ಮುದ್ರೆ. ವಿಪರೀತ ಕಷ್ಟ, ಪಿಸಿಯಲ್ಲಿ ಮತ್ತೆ ತಡವರಿಕೆ ಎಂಬ ಹುಯ್ಲಿಗೆ ವಾರ ಕಳೆಯುವುದರೊಳಗೆ ಕಂಪನಿ ಆಟಗಾರರ ಬಲವನ್ನು ತುಸು ಏರಿಸಿತು. ಕೊನೆಯ ಬಾಸ್‌ನನ್ನು ಸೆಪ್ಟೆಂಬರ್‌ನಲ್ಲಿ ಮೆತ್ತಗೆ ಮಾಡಿತು. 'ಅಯ್ಯೋ, ಯಾಕೆ ಮೆತ್ತಗೆ ಮಾಡಿದಿರಿ' ಎಂದು ಗೋಳಾಡಿದವರೂ ಇದ್ದರು, ಅದು ಇರಲಿ. ಅಷ್ಟೆಲ್ಲ ಬೈಗುಳದ ನಡುವೆ ಮೂರು ದಿನದಲ್ಲಿ ಖರ್ಚಾದದ್ದು 50 ಲಕ್ಷ ಪ್ರತಿ. ಸೆಕೆಂಡಿಗೆ ಏಳಲ್ಲ, 19.

2025ರ ಮೇ 30ರಂದು 'ಎಲ್ಡನ್ ರಿಂಗ್ ನೈಟ್‌ರೈನ್' ಬಂತು. ಬಿಡುಗಡೆಯಾದಾಗ ಒಬ್ಬರೇ ಆಡಬಹುದಿತ್ತು, ಮೂವರು ಕೂಡಿ ಆಡಬಹುದಿತ್ತು, ಇಬ್ಬರು ಮಾತ್ರ ಆಡುವಂತಿರಲಿಲ್ಲ! ಸ್ಟೀಮ್‌ನಲ್ಲಿ ಮೂರನೆಯ ಸಲವೂ 'ಮಿಕ್ಸೆಡ್'. ಮೊದಲ ದಿನ ಖರ್ಚಾದದ್ದು 20 ಲಕ್ಷ, ಸೆಕೆಂಡಿಗೆ 23. ಅಂದಹಾಗೆ ಸ್ಟೀಮ್‌ನಲ್ಲಿ ಆಟ ಆಡದವರು ಅಭಿಪ್ರಾಯ ಬರೆಯುವಂತಿಲ್ಲ, ಬರೆದವರ ಹೆಸರಿನ ಪಕ್ಕದಲ್ಲೇ ಅವರು ಎಷ್ಟು ಗಂಟೆ ಆಡಿದ್ದಾರೆಂಬುದೂ ಕಾಣುತ್ತದೆ. ಮುಂದಿನ ಸಲ ಯಾರಾದರೂ ಹೆಬ್ಬೆರಳು ಕೆಳಗೆ ಮಾಡಿ 'ಕೊಳ್ಳಬೇಡಿ' ಎಂದು ಬರೆದಿದ್ದರೆ ಮೊದಲು ಆ ಗಂಟೆಗಳ ಅಂಕಿ ನೋಡಿ.