ಮಡಚುವ ಕಯಾಕಿನಲ್ಲಿ ರಾತ್ರಿಯ ಸಾಮಾನು

ಮಡಚುವ ಕಯಾಕ್ ಎಂದರೆ ಮರ ಇಲ್ಲವೇ ಅಲ್ಯೂಮಿನಿಯಂ ಚೌಕಟ್ಟಿಗೆ ರಬ್ಬರು ಲೇಪಿಸಿದ ಹೊದಿಕೆ ತೊಡಿಸಿದ ದೋಣಿ; ಜರ್ಮನಿಯ ಯೋಹಾನ್ ಕ್ಲೆಪ್ಪರ್ 1907ರಲ್ಲಿ ಇದರ ತಯಾರಿಕೆಯ ಹಕ್ಕು ಪಡೆದರು. ಒಳಗೆಲ್ಲ ಪಕ್ಕೆಲುಬಿನಂಥ ಅಡ್ಡಪಟ್ಟಿಗಳು. ದೊಡ್ಡ ಚೀಲ ಅವುಗಳ ನಡುವೆ ತೂರುವುದಿಲ್ಲ, ನೀರು ಹೊಗದ ಸಣ್ಣ ಚೀಲಗಳೇ ಬೇಕು. ಕುಡಿಯುವ ನೀರು, ಹಿಟ್ಟಿನಂಥ ಭಾರದ ಸಾಮಾನು ತಳದಲ್ಲಿ, ಆಸನದ ಹತ್ತಿರ. ಹಾಸಿಗೆ, ಬಟ್ಟೆ ದೋಣಿಯ ಎರಡೂ ತುದಿಗೆ. ಖಡಕ್ ರೊಟ್ಟಿಗೆ ಮಾತ್ರ ಡಬ್ಬಿಯೇ ಗತಿ, ಇಲ್ಲದಿದ್ದರೆ ಸಂಜೆಗೆ ಪುಡಿಯೇ ಊಟ. ಡೇರೆಯ ಗೂಟ ಹೊದಿಕೆ ಹರಿಯದಂತೆ ಬಟ್ಟೆಯಲ್ಲಿ ಸುತ್ತಬೇಕು. ಚೀಲಗಳನ್ನು ಚೌಕಟ್ಟಿಗೆ ಬಿಗಿದರೆ ದೋಣಿ ಮಗುಚಿದಾಗಲೂ ತೇಲಲು ನೆರವಾಗುತ್ತವೆ.

ಕಲಬುರಗಿ ಕಡೆಯ ಅಫಜಲಪುರ, ಜೇವರ್ಗಿಯ ಭೀಮಾ ನದಿಯಲ್ಲಿ ಬೇಸಿಗೆಗೆ ನೀರಿಳಿದು ಬಂಡೆಗಳು ಏಳುತ್ತವೆ. ಅವುಗಳಿಗೆ ತಾಗಿ ಹೊದಿಕೆ ಹರಿದರೆ ಹಚ್ಚಲು ತೇಪೆಯ ಸಾಮಾನು ಕೈಗೆಟುಕುವಂತಿರಲಿ. ಆಳಂದದ ಕಡೆಯ ಅಮರ್ಜಾ ನದಿ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಆ ಸಂಗಮದ ಬಳಿ ತಂಗುವಾಗ, ಮೇಲಿನ ಸೊನ್ನ ಬ್ಯಾರೇಜಿನ ಗೇಟು ತೆರೆದರೆ ನೀರು ಏರುವುದರಿಂದ ಡೇರೆ, ದೋಣಿ ಎರಡೂ ಎತ್ತರದ ದಂಡೆಯಲ್ಲೇ ಇರಬೇಕು.