ಕ್ಯಾಲ್ಕುಲೇಟರಿನಲ್ಲಿ ಬಚ್ಚಿಟ್ಟದ್ದು ಭದ್ರವೇ?

ಹೈದರಾಬಾದಿನಲ್ಲಿ ಇಎಪಿಸೆಟ್ ಬರೆಯುವ ಮಕ್ಕಳು ಪರೀಕ್ಷಾ ಕೊಠಡಿಗೆ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಗೇಟ್ ಬರೆಯುವವರಿಗೆ ಕಂಪ್ಯೂಟರ್ ಪರದೆಯ ಮೇಲೆಯೇ ಒಂದು ಸಿಗುತ್ತದೆ. ಹಾಗಾಗಿ ಪ್ರೋಗ್ರಾಂ ಬರೆಯಬಹುದಾದ ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಈ ಊರಿನ ಹೆಚ್ಚಿನ ಮನೆಗಳು ಕಂಡೇ ಇಲ್ಲ. ಅದು ಕಾಣಸಿಗುವುದು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಶಾಲೆಗಳ 11, 12ನೇ ತರಗತಿಯಲ್ಲಿ. ಐಬಿಯ ‘ಅಪ್ಲಿಕೇಶನ್ಸ್ ಅಂಡ್ ಇಂಟರ್‌ಪ್ರಿಟೇಶನ್’ ಗಣಿತ ತೆಗೆದುಕೊಂಡವರಿಗೆ ಎಲ್ಲ ಪತ್ರಿಕೆಗೂ ಅದು ಬೇಕೇ ಬೇಕು. ಮಕ್ಕಳ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಟಿಐ-84 ಪ್ಲಸ್ ಸಿಇ ಅಥವಾ ಕ್ಯಾಸಿಯೊ ಎಫ್ಎಕ್ಸ್-ಸಿಜಿ50. ಅದರ ಮೆಮೊರಿಯ ಸುತ್ತ ಹಬ್ಬಿರುವ ಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು.

ತಪ್ಪು ಕಲ್ಪನೆ: ಎಕ್ಸ್ ಎಂಬ ಚರಾಕ್ಷರದಲ್ಲಿ ಇಟ್ಟಿದ್ದ ಬೆಲೆಯನ್ನು ಯಾರೋ ಅಳಿಸಿದ್ದಾರೆ.

ವಾಸ್ತವ: ಪಕ್ಕದ ಬೆಂಚಿನವರನ್ನು ಬೈಯುವ ಮೊದಲು ನೀವೇ ಗ್ರಾಫ್ ಬಿಡಿಸಿದಿರಾ, ನೆನಪು ಮಾಡಿಕೊಳ್ಳಿ. ಟಿಐ-84ರಲ್ಲಿ ಗ್ರಾಫ್ ಎಳೆದು ಅದರ ಮೇಲೆ ಕರ್ಸರ್ ಓಡಿಸಿದರೆ ಸಾಕು, ಆ ಬಿಂದುವಿನ ನಿರ್ದೇಶಾಂಕಗಳು ಎಕ್ಸ್, ವೈಗಳಲ್ಲಿ ಬಂದು ಕೂರುತ್ತವೆ. ಹಿಂದಿನ ಬೆಲೆ ಹೋಯಿತು. ಬೇರೆ ಗ್ರಾಫ್ ಮೋಡ್‌ಗಳಲ್ಲಿ ಟಿ, ಥೀಟಾಗಳ ಗತಿಯೂ ಅದೇ. ಬೇಕಾದ ಸ್ಥಿರಾಂಕವನ್ನು ಎ, ಬಿ, ಕೆ ಇಂಥ ಅಕ್ಷರದಲ್ಲಿಡಿ. ಅಲ್ಲೂ ಒಂದು ತೊಡಕಿದೆ. ಈ ಯಂತ್ರದ ಬೇಸಿಕ್ ಭಾಷೆಯಲ್ಲಿ ಪ್ರತಿ ಪ್ರೋಗ್ರಾಂಗೂ ಪ್ರತ್ಯೇಕ ಚರಾಕ್ಷರಗಳಿಲ್ಲ, ಎಲ್ಲಕ್ಕೂ ಅದೇ ಇಪ್ಪತ್ತಾರು ಅಕ್ಷರ ಮತ್ತು ಥೀಟಾ. ಗೆಳೆಯನಿಂದ ಪಡೆದ ಪ್ರೋಗ್ರಾಂ ಓಡಿಸಿದಾಗ ಅದು ನಿಮ್ಮ ‘ಎ’ಯನ್ನು ಕೇಳದೆ ಬದಲಿಸುತ್ತದೆ. ಇದನ್ನು ಬಲ್ಲವರು ಬೆಲೆಗಳನ್ನು ತಮ್ಮದೇ ಹೆಸರಿನ ಲಿಸ್ಟ್ ಒಂದರಲ್ಲಿ ಇಡುತ್ತಾರೆ. ಹೆಸರಿಗೆ ಐದು ಅಕ್ಷರಗಳವರೆಗೆ ಅವಕಾಶವಿದೆ, ಬೇರೆಯವರ ಹೆಸರಿಗೆ ತಾಗುವ ಸಂಭವ ಕಡಿಮೆ. ಬಚ್ಚಿಡುವ ಎಲ್ಲ ಕಸರತ್ತಿಗಿಂತ ಈ ಒಂದು ಅಭ್ಯಾಸ ಹೆಚ್ಚು ಕಾಯುತ್ತದೆ.

ತಪ್ಪು ಕಲ್ಪನೆ: ಮೆನುವಿನಲ್ಲಿ ಕಾಣದ್ದು ಯಾರಿಗೂ ಸಿಗುವುದಿಲ್ಲ.

ವಾಸ್ತವ: ಪ್ರೋಗ್ರಾಂ ಮರೆಮಾಡುವ ಸಾಧನಗಳು ಮಾಡುವುದು ಸಣ್ಣ ಕೈಚಳಕ. ಹೆಸರಿನ ಮೊದಲ ಅಕ್ಷರದ ಸಂಕೇತ ಸಂಖ್ಯೆಯಿಂದ 64 ಕಳೆಯುತ್ತವೆ. ಇಂಗ್ಲಿಷಿನ ‘ಎ’ಯ ಸಂಖ್ಯೆ 65, ಅದು 1 ಆಗುತ್ತದೆ. ಅಕ್ಷರವಲ್ಲದ ಆ ಸಂಖ್ಯೆಯಿಂದ ಶುರುವಾಗುವ ಹೆಸರನ್ನು ಮೆನು ತೋರಿಸುವುದಿಲ್ಲ, ಅಷ್ಟೇ. ಮನೆಯ ನಾಮಫಲಕ ಕಿತ್ತ ಮಾತ್ರಕ್ಕೆ ಮನೆ ಮಾಯವಾದೀತೆ? ಪ್ರೋಗ್ರಾಂ ಮೆಮೊರಿಯಲ್ಲಿ ಜಾಗ ಹಿಡಿದುಕೊಂಡೇ ಇರುತ್ತದೆ, ಖಾಲಿ ಜಾಗದ ಲೆಕ್ಕ ಅದನ್ನು ಹೇಳಿಬಿಡುತ್ತದೆ. ಅದೇ ಸಾಧನ ಇರುವ ಯಾರೇ ಆದರೂ 64 ಕೂಡಿಸಿ ಹೊರಗೆಳೆಯಬಹುದು. 1990ರ ದಶಕದ ಎಚ್‌ಪಿ-48 ಕ್ಯಾಲ್ಕುಲೇಟರ್ ಕೂಡ ಇಂಥದ್ದನ್ನು ಮಾಡುತ್ತಿತ್ತು: ಹೆಸರೇ ಇಲ್ಲದ ಒಂದು ಗುಪ್ತ ಡೈರೆಕ್ಟರಿಯಲ್ಲಿ ತನ್ನ ಅಲಾರಂಗಳನ್ನೂ ಬಳಕೆದಾರರ ಕೀಲಿ ಹೊಂದಾಣಿಕೆಗಳನ್ನೂ ಇಟ್ಟುಕೊಳ್ಳುತ್ತಿತ್ತು. ಹವ್ಯಾಸಿಗಳು ಅದರೊಳಗೆ ಹೋಗುವ ದಾರಿಯನ್ನೂ ಹುಡುಕಿದ್ದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ (ಟಿಐ) 2020ರಲ್ಲಿ ಸಿಇ ಮಾದರಿಯ ಹೊಸ ತಂತ್ರಾಂಶದಿಂದ ಅಸೆಂಬ್ಲಿ, ಸಿ ಪ್ರೋಗ್ರಾಂಗಳ ಬೆಂಬಲವನ್ನೇ ಕಿತ್ತುಹಾಕಿತು. ಅಲ್ಲಿಗೆ ಹೊಸ ಯಂತ್ರಗಳಲ್ಲಿ, ಆ ಭಾಷೆಗಳಲ್ಲಿ ಬರೆದ ಈ ಮರೆಮಾಡುವ ಸಾಧನಗಳು ನೇರವಾಗಿ ಓಡುವುದೂ ನಿಂತಿತು.

ತಪ್ಪು ಕಲ್ಪನೆ: ‘ಲಾಕ್’ ಎಂದರೆ ಪಾಸ್‌ವರ್ಡ್.

ವಾಸ್ತವ: ಯಂತ್ರದಿಂದ ಯಂತ್ರಕ್ಕೆ ಅರ್ಥ ಬೇರೆ. ಟಿಐ-84ರಲ್ಲಿ ‘ರಕ್ಷಿತ’ ಪ್ರೋಗ್ರಾಂ ಎಂದರೆ ಅದರ ಬಗೆಯನ್ನು ಸೂಚಿಸುವ ಸಂಖ್ಯೆ 5ರಿಂದ 6ಕ್ಕೆ ಬದಲಾಗಿದೆ ಎಂದಷ್ಟೇ. ತಿದ್ದುವ ಪಟ್ಟಿಯಲ್ಲಿ ಅದು ಬರುವುದಿಲ್ಲ, ಆದರೆ ಗೂಢಲಿಪಿಯೇನೂ ಇಲ್ಲ. ಅದೇ ಕಂಪನಿಯ ಟಿಐ-89ರ ಲಾಕ್ ಬೇಕೆಂದೇ ಮಾಡಿದ ಸೌಲಭ್ಯ: ಲಾಕ್ ಮಾಡಿದ ಚರಾಕ್ಷರವನ್ನು ಬಿಡಿಸದೆ ಬದಲಿಸಲಾಗದು, ಅಳಿಸಲಾಗದು. ಕೈ ತಪ್ಪಿ ಆಗುವ ಅನಾಹುತಕ್ಕೆ ಅದು ಸಾಕು, ಬೇಕೆಂದೇ ಮಾಡುವವರಿಗಲ್ಲ. ಪಾಸ್‌ವರ್ಡ್ ನಿಜಕ್ಕೂ ಇರುವುದು ಕ್ಯಾಸಿಯೊದಲ್ಲಿ; ಅದೂ ಪ್ರೋಗ್ರಾಂ ತೆರೆದು ನೋಡುವುದಕ್ಕೆ, ತಿದ್ದುವುದಕ್ಕೆ ಮಾತ್ರ. ಓಡಿಸಲು ಪಾಸ್‌ವರ್ಡ್ ಕೇಳುವುದಿಲ್ಲ.

ತಪ್ಪು ಕಲ್ಪನೆ: ಆರ್ಕೈವ್‌ಗೆ ಹಾಕಿದರೆ ಎಂದೆಂದಿಗೂ ಹೋಗದು.

ವಾಸ್ತವ: ಸಿಇಯಲ್ಲಿ ಬಳಕೆಗೆ 154 ಕೆಬಿ ರ‍್ಯಾಮ್, 3 ಎಂಬಿ ಫ್ಲಾಶ್ ಆರ್ಕೈವ್ ಇವೆ. ಆರ್ಕೈವ್‌ನಲ್ಲಿ ಇರುವುದರ ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಕಾಣುತ್ತದೆ. ರ‍್ಯಾಮ್ ರಿಸೆಟ್ ಆದರೂ ಅದು ಉಳಿಯುತ್ತದೆ. ಆದರೆ ರಿಸೆಟ್ ಮೆನುವಿನಲ್ಲಿ ‘ಆರ್ಕೈವ್’, ‘ಆಲ್’ ಎಂಬ ಆಯ್ಕೆಗಳೂ ಇವೆ, ಕೆಲವೇ ಒತ್ತು ಸಾಕು. ಹಾಗೆಯೇ ಎಕ್ಸ್, ವೈ, ಟಿ, ಥೀಟಾಗಳನ್ನೂ ಗ್ರಾಫ್ ಸಮೀಕರಣಗಳನ್ನೂ ಆರ್ಕೈವ್ ಮಾಡಲು ಬರುವುದಿಲ್ಲ. ಆರ್ಕೈವ್‌ನಲ್ಲಿರುವ ಲಿಸ್ಟನ್ನು ಹೊರತೆಗೆಯದೆ ಲೆಕ್ಕಕ್ಕೆ ಬಳಸಹೋದರೆ ದೋಷ ಸಂದೇಶ ಬರುತ್ತದೆ; ಹೆದರಬೇಡಿ, ದತ್ತಾಂಶ ಹಾಳಾಗಿಲ್ಲ.

ತಪ್ಪು ಕಲ್ಪನೆ: ಬಚ್ಚಿಟ್ಟದ್ದು ಪರೀಕ್ಷೆಯಲ್ಲಿ ಕೆಲಸಕ್ಕೆ ಬರುತ್ತದೆ.

ವಾಸ್ತವ: ಬರುವುದಿಲ್ಲ. ಐಬಿ ಪರೀಕ್ಷೆಗೆ ಯಂತ್ರವನ್ನು ಪರೀಕ್ಷಾ ಮೋಡ್‌ಗೆ ಹಾಕಬೇಕು. ಟಿಐ-84ರಲ್ಲಿ ಆಫ್ ಮಾಡಿ ಎಡ ಬಾಣ, ಬಲ ಬಾಣ ಮತ್ತು ಆನ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪ್ರೋಗ್ರಾಂಗಳು ನಿಷ್ಕ್ರಿಯವಾಗುತ್ತವೆ. ಮೆನುವಿನಲ್ಲಿ ಕಾಣುತ್ತದೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಕ್ಯಾಸಿಯೊ ಈ ಮೋಡ್‌ಗೆ ಹೋಗುವಾಗ ನಿಮ್ಮ ದತ್ತಾಂಶದ ಪ್ರತಿ ತೆಗೆದಿಟ್ಟು, ಹೊರಬಂದ ಮೇಲೆ ಹಿಂದಿರುಗಿಸುತ್ತದೆ. ಟಿಐನಲ್ಲಿ ಅಂಥ ಭರವಸೆ ಇಟ್ಟುಕೊಳ್ಳಬೇಡಿ, ಇಟ್ಟ ಬೆಲೆಗಳು ಅಳಿಸಿಹೋಗಬಹುದು.

ಪರೀಕ್ಷೆಯ ಹಿಂದಿನ ವಾರವೇ ಟಿಐ ಕನೆಕ್ಟ್ ಸಿಇ ತಂತ್ರಾಂಶದಿಂದ ಎಲ್ಲವನ್ನೂ ಕಂಪ್ಯೂಟರಿಗೆ ಒಂದು ಪ್ರತಿ ಇಳಿಸಿಕೊಳ್ಳಿ. ಯುಎಸ್‌ಬಿ ಕೇಬಲ್ ಒಂದಿದ್ದರೆ ಆಯಿತು.