ಕಡಲು ದಾಟಿದವಳ ತವರು ಯಾವುದು?

ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಹಿಂದಿನ ಹೆಸರು ವಡಿಗೇನಹಳ್ಳಿ. ಊರಿನ ಹಿರಿಯರಿಗೆ ಇದು ಹೊಸ ಸಂಗತಿಯೇನಲ್ಲ. ಆದರೆ ದಕ್ಷಿಣ ಆಫ್ರಿಕದಲ್ಲೋ ಮಾರಿಷಸ್ಸಿನಲ್ಲೋ ಕುಳಿತು ಮುತ್ತಜ್ಜಿಯ ತವರನ್ನು ಹುಡುಕುವವರಿಗೆ ಇಂಥ ಹಳೆಯ ಹೆಸರೇ ಬೀಗದ ಕೈ. ಹತ್ತೊಂಬತ್ತನೆಯ ಶತಮಾನದಲ್ಲಿ ಕಡಲು ದಾಟಿದ ಹೆಣ್ಣನ್ನು ಗುರುತಿಸಲು ಮನೆತನದ ಹೆಸರಿಗಿಂತ ಊರಿನ ಹೆಸರೇ ಹೆಚ್ಚು ನೆರವಾಗುತ್ತದೆ.

ಕಬ್ಬಿನ ತೋಟಗಳಿಗಾಗಿ 1834ರಿಂದ ಮಾರಿಷಸ್ಸಿಗೆ, 1860ರಿಂದ ನೇಟಾಲಿಗೆ ಕರಾರಿನ ಕೂಲಿಗಳನ್ನು ಒಯ್ಯಲಾಯಿತು. 1860ರ ನವೆಂಬರ್ 16ರಂದು 'ಟ್ರೂರೋ' ಹಡಗು ಮದರಾಸಿನಿಂದ 342 ಮಂದಿಯನ್ನು ಹೊತ್ತು ಡರ್ಬನ್ ಸೇರಿತು. 1911ರ ವೇಳೆಗೆ ನೇಟಾಲಿಗೆ ಹೋದವರು 1,52,184 ಮಂದಿ. ಅವರಲ್ಲಿ ಮೈಸೂರು ಸೀಮೆಯವರೂ ಇದ್ದರು. ತಮಿಳು, ತೆಲುಗರ ನಡುವೆ ಅವರೂ 'ಮದರಾಸಿ'ಗಳೇ ಆದರು.

ಊರು ಬಿಡಿಸಿದ್ದು ಹಸಿವು. 1876–78ರ ಬರಕ್ಕೆ ಮುಂಚೆ, 1871ರಲ್ಲಿ, ಮೈಸೂರು ಸಂಸ್ಥಾನದ ಜನಸಂಖ್ಯೆ 50.55 ಲಕ್ಷ. 1881ರಲ್ಲಿ ಅದು 41.86 ಲಕ್ಷ. ಬಹುಪಾಲು ಸತ್ತವರು, ಊರು ಬಿಟ್ಟವರೂ ಈ ಅಂತರದೊಳಗೇ ಇದ್ದಾರೆ. ಬೆಂಗಳೂರು ದಂಡಿಗೆ 1864ರಲ್ಲೇ ರೈಲು ಬಂದಿದ್ದರಿಂದ ಮದರಾಸಿನ ಬಂದರು ದೂರವೇನೂ ಉಳಿದಿರಲಿಲ್ಲ.

ಹೀಗೆ ಹೋದವಳ ಗುರುತು ಇಲ್ಲಿ ಉಳಿಯುವುದು ಕಷ್ಟ. ಜನಗಣತಿ ತಲೆ ಎಣಿಸಿತು, ಹೆಸರು ಉಳಿಸಲಿಲ್ಲ. ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರ ಲೆಕ್ಕವೂ ತಂದೆಯಿಂದ ಮಗನಿಗೆ ಇಳಿಯುವಂಥದು. ಮಗಳು ಅದರ ಅಂಚಿನಲ್ಲಿರುತ್ತಾಳೆ.

ವಿಚಿತ್ರವೆಂದರೆ, ಆಕೆಯನ್ನು ಉಳಿಸಿಕೊಂಡದ್ದು ಕೂಲಿಗೆ ಒಯ್ದವರ ದಫ್ತರ. ನೇಟಾಲಿನ ಹಡಗುಪಟ್ಟಿಗಳಲ್ಲಿ ಒಬ್ಬೊಬ್ಬರಿಗೂ ಒಂದು ಸಂಖ್ಯೆ. ಅದರ ಮುಂದೆ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಹಳ್ಳಿ, ಎತ್ತರ, ಮೈಮೇಲಿನ ಗುರುತು. ಮುಂದೆ ಮದುವೆ, ಮಕ್ಕಳ ಜನನ, ಸಾವಿನ ಕಾಗದಗಳಲ್ಲೂ ಆ ಸಂಖ್ಯೆ ಹಿಂಬಾಲಿಸುತ್ತಿತ್ತು. 1895ರ ಕಾನೂನು, ಕರಾರು ಮುಗಿಸಿಯೂ ಅಲ್ಲೇ ನಿಂತವರ ಮೇಲೆ ವರ್ಷಕ್ಕೆ 3 ಪೌಂಡ್ ತೆರಿಗೆ ಹೇರಿತು. 13 ವರ್ಷ ದಾಟಿದ ಹೆಣ್ಣುಮಕ್ಕಳಿಗೂ ಅದು ತಪ್ಪಲಿಲ್ಲ. 1913ರ ಮುಷ್ಕರದ ಬಳಿಕ, 1914ರಲ್ಲಿ, ಅದು ರದ್ದಾಯಿತು.

ಆದ್ದರಿಂದ ಹುಡುಕಾಟ ಹಿಂದುಮುಂದಾಗಿ ನಡೆಯಬೇಕು. ಮೊದಲು ಮೊಮ್ಮಕ್ಕಳ ಕಾಗದಗಳು, ಅವುಗಳಿಂದ ಮಕ್ಕಳದು, ಅಲ್ಲಿಂದ ಆಕೆಯ ಸಂಖ್ಯೆ, ಸಂಖ್ಯೆಯಿಂದ ಹಡಗು, ಹಡಗಿನ ಪಟ್ಟಿಯಿಂದ ಹಳ್ಳಿ. ನೇಟಾಲಿನ ದಾಖಲೆಗಳು ಡರ್ಬನ್ನಿನ ಪತ್ರಾಗಾರದಲ್ಲಿವೆ. ಮಾರಿಷಸ್ಸಿನವು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ. ಮಾರಿಷಸ್ಸಿಗೆ ಹೋದ ಅನೇಕರ ಭಾವಚಿತ್ರಗಳೂ ಅಲ್ಲಿ ಉಳಿದಿವೆ.

ಕೊನೆಯ ಮೆಟ್ಟಿಲೇ ಕಠಿಣ. ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡ. ವಡಿಗೇನಹಳ್ಳಿಯವಳೊಬ್ಬಳು ಹೊರಟಿದ್ದಳೆಂದು ಭಾವಿಸಿ: ಅವಳ ಊರು 'ವಡಗಿನಲಿ' ಆಗಿರಬಹುದು, 'ವಾಡಿಕನಲ್ಲಿ'ಯೂ ಆಗಿರಬಹುದು. ಜಿಲ್ಲೆ ಮಾತ್ರ ಬೆಂಗಳೂರು. ಗ್ರಾಮಾಂತರ ಜಿಲ್ಲೆ ಬೇರೆಯಾದದ್ದು 1986ರಲ್ಲಿ. ಇಂದಿನ ನಕ್ಷೆಯಲ್ಲಿ ವಿಜಯಪುರವೆಂದು ಹುಡುಕಿದರೆ, 2014ರಲ್ಲಿ ಆ ಹೆಸರು ಪಡೆದ ಬಿಜಾಪುರಕ್ಕೆ ಹೋಗಿ ನಿಲ್ಲುವ ಸಂಭವವೂ ಉಂಟು. ಆಗ ಅದು ಮುಂಬಯಿ ಪ್ರಾಂತ್ಯದಲ್ಲಿತ್ತು.

ಕಿವಿಯಿಂದ ಕೆಟ್ಟ ಹೆಸರನ್ನು ಕಿವಿಯೇ ಸರಿಪಡಿಸಬೇಕು. ಆ ಅಕ್ಷರಗಳನ್ನು ಗಟ್ಟಿಯಾಗಿ ಓದಿದರೆ, ಸುತ್ತಲಿನ ಹಳ್ಳಿಗಳ ಹೆಸರು ಬಲ್ಲ ಹಿರಿಯರೊಬ್ಬರು ಊರನ್ನು ಥಟ್ಟನೆ ಹೇಳಿಯಾರು. ಪತ್ರಾಗಾರದ ಪಟ್ಟಿಗಳು ಇನ್ನೂ ನೂರು ವರ್ಷ ಕಾದಾವು. ಆ ಹಿರಿಯರು ಕಾಯಲಾರರು. ಹಳೆಯ ಊರು, ಕೇರಿ, ಬೇಚಿರಾಕ್ ಹಳ್ಳಿಗಳ ಹೆಸರುಗಳನ್ನು ಈಗಲೇ ಕೇಳಿ ಬರೆದಿಡುವುದು, ಹೋದವಳಿಗೆ ಅವಳ ತವರು ಮಾಡಬಹುದಾದ ಉಪಕಾರ.